ಹದಿನಾಲ್ಕನೇ ನಂಬರಿನ ಜಾಬ್

ನಮ್ಮನೆಯವರ ಹೆಸರು ಕಾಂತರಾಜು. ಹಾಸನದ ಒಂದು ಐಟಿಐನಲ್ಲಿ ಫಿಟ್ಟರ್ ಮೇಷ್ಟ್ರಾಗಿದ್ದರು. ಹೊಳೆನರಸೀಪುರದಿಂದ ಇಪ್ಪತ್ತಾರು ವರ್ಷ ದಿನಾ ಬಸ್ಸಿನಲ್ಲಿ ಹೋಗಿ ಬಂದರು. ಮಾತು ಕಮ್ಮಿ. ಕಬ್ಬಿಣ ಉಜ್ಜಿ ಉಜ್ಜಿ ಬೆರಳ ತುದಿಯಲ್ಲಿ ಗೆರೆಯೇ ಉಳಿದಿರಲಿಲ್ಲ. ಆಧಾರ್‌ಗೆ ಹೆಬ್ಬೆಟ್ಟು ಕೊಡಲು ಹೋದರೆ ಯಂತ್ರ ಅವರನ್ನು ಒಪ್ಪಲಿಲ್ಲ.

ಐಟಿಐನಲ್ಲಿ ಮಕ್ಕಳು ಅರದಲ್ಲಿ ಉಜ್ಜಿ ಎರಡು ಕಬ್ಬಿಣದ ತುಂಡು ಮಾಡಬೇಕು. ಒಂದರ ಕಚ್ಚಿನೊಳಗೆ ಇನ್ನೊಂದು ಸರಿಯಾಗಿ ಕೂರಬೇಕು. ಅದಕ್ಕೆ ಜಾಬ್ ಅನ್ನುತ್ತಾರೆ. ಇವರು ಎರಡನ್ನೂ ಜೋಡಿಸಿ ಕಿಟಕಿಗೆ ಹಿಡಿಯುತ್ತಿದ್ದರು. ಸಂದಿಯಲ್ಲಿ ಎಷ್ಟು ಬೆಳಕು ಬರುತ್ತದೆ ನೋಡಿ ಅಂಕ ಹಾಕುತ್ತಿದ್ದರು.

ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದಿತು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಕೆಲಸ ಹೋಗುತ್ತಿತ್ತು. ಜಾಬುಗಳನ್ನು ಚೀಲದಲ್ಲಿ ಮನೆಗೆ ತರತೊಡಗಿದರು. ದಿನಾ ಹನ್ನೊಂದು ಗಂಟೆಗೆ ನಮ್ಮ ಕಿಟಕಿಗೆ ಬಿಸಿಲು ಬರುತ್ತದೆ. ಭಾನುವಾರ ಆ ಹೊತ್ತಿಗೆ ಅವರು ಕುರ್ಚಿಯಲ್ಲಿ ಕೂತು ಕೇಳುವರು. ನಾನು ನೋಡಿ ಹೇಳುವೆ.

"ಎಷ್ಟ್ ಬತ್ತದಲೇ? ಕೂದ್ಲಾ, ದಾರಾನಾ?"

ನಾನು ಓದಿದ್ದು ಮೂರನೇ ಕ್ಲಾಸು. ಮಿಲಿಮೀಟರು ಗೊತ್ತಿಲ್ಲ. ಅದಕ್ಕೇ ಈ ಅಳತೆ. ಕೂದಲಷ್ಟು ಬೆಳಕಿದ್ದರೆ ಪಾಸು, ದಾರದಷ್ಟಿದ್ದರೆ ಫೇಲು. ಇದು ನಮ್ಮಿಬ್ಬರ ಮಾತು. ಐಟಿಐನಲ್ಲಿ ಅವರು ಒಂದು ದಿನವೂ ಆಡಿದವರಲ್ಲ.

ಒಮ್ಮೆ ಕೇಳಿದೆ. "ಪಾಪ ಕಣ್ರೀ, ಕೂದ್ಲು ಅಂದ್ಬುಡ್ಲಾ?"

"ಕಬ್ಣಕ್ಕೆ ಪಾಪ ಗೊತ್ತಾಯ್ತದಾ? ಕಂಡಿದ್ ಯೋಳು."

ಯುಗಾದಿ ಕಳೆದ ಮೇಲಿನ ಭಾನುವಾರ ಇಪ್ಪತ್ತು ಜಾಬ್ ನೋಡಿ ಆಗಿತ್ತು. ಒಂದು ಉಳಿದಿತ್ತು. ಹದಿನಾಲ್ಕನೇ ನಂಬರಿನದು. ಕಿಟಕಿಗೆ ಹಿಡಿದೆ. ಅವರು ಕೇಳಿದರು. ಹೇಳೋಣ ಅಂತ ತಿರುಗಿದೆ. ಕುತ್ತಿಗೆ ವಾಲಿತ್ತು.

ತಿಥಿ ಮುಗಿಯಿತು. ನೆಂಟರು ಹೋದರು. ಮಾರನೇ ದಿನ ಹನ್ನೊಂದಕ್ಕೆ ಬಿಸಿಲು ಬಂತು. ಕುರ್ಚಿ ಕಡೆಯಿಂದ ಕೇಳಿಸಿತು. ಕೂದ್ಲಾ, ದಾರಾನಾ?

ಆಮೇಲೆ ದಿನಾ ಒಂದು ಸಲ. ಆ ಜಾಬ್ ಮುಟ್ಟಿದರೆ ಬೆಚ್ಚಗಿರುತ್ತಿತ್ತು, ಯಾರೋ ಈಗಷ್ಟೇ ಕೈಯಿಂದ ಇಳಿಸಿದ ಹಾಗೆ. ನಾನು ಉತ್ತರ ಕೊಡಲಿಲ್ಲ. ಕೊಟ್ಟರೆ ಹೋಗಿಬಿಡುತ್ತಾರೆ ಅನ್ನಿಸಿತು. ನನ್ನ ತಲೆ ಕೆಟ್ಟಿದೆ ಅಂತಲೂ ಅನ್ನಿಸಿತು. ಕೆಟ್ಟರೆ ಕೆಡಲಿ, ದನಿಯಾದರೂ ಇರಲಿ.

ಮೂರು ವಾರದ ಮೇಲೆ ಅವರ ಜಾಗಕ್ಕೆ ಬಂದ ಮೇಷ್ಟ್ರು ನಾಗೇಶ್ ಮನೆಗೆ ಬಂದ. ಜೊತೆಗೆ ರೂಪಶ್ರೀ ಅಂತ ಒಬ್ಬ ಹುಡುಗಿ. ಹದಿನಾಲ್ಕನೇ ನಂಬರು ಅವಳದೇ. ಬೂವನಹಳ್ಳಿಯವಳು.

"ಅಕ್ಕಾ, ಇವ್ಳ ಒಬ್ಳುದೇ ಅಂಕ ಇಲ್ಲ," ಅಂದ ನಾಗೇಶ್. "ಮೇಷ್ಟ್ರು ಏನಾರ ಬರ್ದಿದ್ರಾ?"

"ಇಲ್ಲಪ್ಪ."

"ಅರ್ವತ್ ಬಂದಿದ್ರೆ ಕಾರ್ಖಾನೆ ಕೆಲ್ಸದ ಲಿಸ್ಟ್‌ಗೆ ಯೆಸ್ರು ಸೇರ್ತದೆ ಅಮ್ಮಾ," ಅಂದಳು ಹುಡುಗಿ. "ಸೋಮ್ವಾರ ಕೊನೇ ದಿನ."

"ಅರ್ವತ್ ಹಾಕ್ಬುಡ್ತೀನಿ ಬುಡಿ," ನಾಗೇಶ್ ನಕ್ಕ. "ಮೇಷ್ಟ್ರೇನು ಎದ್ ಬಂದ್ ಕೇಳ್ತಾರಾ?"

ನಾನು ಗಡಿಯಾರ ನೋಡಿದೆ. ಹನ್ನೊಂದು. ಬಿಸಿಲು ಕುರ್ಚಿಯ ಕಾಲು ಮುಟ್ಟಿತ್ತು.

ಅವರು ಕೇಳಿದರು. ಕುರ್ಚಿ ಕಡೆಯಿಂದ, ಅದೇ ಮಾತು. ನಾನು ತಲೆ ತಗ್ಗಿಸಿದೆ. ನಾಗೇಶ್ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ. ಅವನಿಗೆ ಏನೂ ಕೇಳಿಸಲಿಲ್ಲ.

ಹುಡುಗಿ ಎದ್ದು ನಿಂತಳು. ಮೇಜಿನ ಮೇಲಿದ್ದ ತನ್ನ ಜಾಬ್ ತಗೊಂಡಳು. ಬಿಸಿ ತಾಗಿದವಳಂತೆ ಕೈ ಬದಲಾಯಿಸಿದಳು. ಕಿಟಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ಆಮೇಲೆ ಖಾಲಿ ಕುರ್ಚಿ ಕಡೆ ತಿರುಗಿ ಹೇಳಿದಳು.

"ದಾರ, ಸಾ."

ನಾನು ತಲೆ ಎತ್ತಿದೆ.

"ಯಾವ್ ದಾರಾನವ್ವಾ?" ಅಂದ ನಾಗೇಶ್. "ಯಾರ್ಗ್ ಯೋಳ್ತಿದ್ದೀಯಾ?"

"ಮೇಷ್ಟ್ರು ಕೇಳುದ್ರಲ್ಲಾ, ಸಾ."

ನಾಗೇಶ್ ನನ್ನ ಮುಖ ನೋಡಿದ. ಅವನ ನಗು ಹೋಗಿತ್ತು.

"ದಾರ ಅಂದ್ರೆ ಫೇಲು. ಬರ್ಕೊಳಪ್ಪ," ಅಂದೆ.

"ಹುಡ್ಗಿ ಕೆಲ್ಸ ಓಯ್ತದಲ್ಲಕ್ಕಾ!"

"ಬರೀರಿ ಸಾ. ಇನ್ನೊಂದ್ ಉಜ್ತೀನಿ," ಅಂದಳು ಹುಡುಗಿ. ಕಣ್ಣು ಕುರ್ಚಿ ಬಿಟ್ಟಿರಲಿಲ್ಲ.

ಅವನು ನಲವತ್ತೆಂಟು ಅಂತ ಬರೆದ. ಕಾಫಿ ಇಟ್ಟಿದ್ದೆ. ಕುಡಿಯದೆ ಹೋದರು.

ನಾನು ತಡೆದಿಟ್ಟುಕೊಂಡಿದ್ದ ಉತ್ತರವನ್ನು ಅವಳು ಹೇಳಿಬಿಟ್ಟಳು. ಅವಳನ್ನು ಬೈಯಲಾರೆ. ನಿಜವನ್ನೇ ಹೇಳಿದಳು.

ಮಾರನೇ ದಿನ ಹನ್ನೊಂದಕ್ಕೆ ಬಿಸಿಲು ಬಂತು. ಕುರ್ಚಿಯ ಪಕ್ಕ ಕೂತು ಕಾದೆ. ಬಿಸಿಲು ಕಿಟಕಿ ದಾಟಿ ಹೋಯಿತು.