ಮಾತಾಡಿಸಲು ಬಂದವರು

ತೇರದಾಳದ ಆ ಓಣಿಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಮೊದಲು ಬಾಗಿಲು ತಟ್ಟುವವಳು ಕೆಂಪವ್ವ. ಮೊಸರಿನ ಗಡಿಗೆ, ಬಿಸಿ ರೊಟ್ಟಿ ಸೆರಗಿನಡಿ ಇಟ್ಟುಕೊಂಡು, ಎಲ್ಲಿ, ಮಾರಿ ನೋಡೋಣು ಎನ್ನುತ್ತಲೇ ಒಳಗೆ ನುಗ್ಗಿಬಿಡುವಳು. ಬಾಣಂತಿ ಇರಲಿ, ಸೊಂಟ ಮುರಿದ ಮುದುಕಿ ಇರಲಿ, ಮಗ್ಗುಲಲ್ಲಿ ಕುಳಿತು ಹಣೆ ಸವರದೆ, ಕಾಲು ಒತ್ತದೆ ಎದ್ದು ಬಂದವಳಲ್ಲ. ಚಿಮ್ಮಡದ ನೆಂಟರಿಗೆ ನೆಗಡಿಯಾದರೂ ಬಸ್ಸು ಹತ್ತುವಳೇ. ಡಾಕ್ಟರಿಗಿಂತ ಇವಳ ತಿರುಗಾಟವೇ ಜಾಸ್ತಿ ಎಂದು ಗಂಡ ಗುರಪ್ಪ ಚೇಷ್ಟೆ ಮಾಡುತ್ತಿದ್ದ. ಮಕ್ಕಳಿರಲಿಲ್ಲ. ಊರ ಜನವೇ ತನ್ನ ಜನ ಎಂದು ನಂಬಿ ಬದುಕಿದ ಹೆಂಗಸು; ಆ ನಂಬಿಕೆ ಸುಳ್ಳೂ ಆಗಿರಲಿಲ್ಲ.

ಆ ಗುರಪ್ಪನೇ ಕಬ್ಬಿನ ಸುಗ್ಗಿಯಲ್ಲಿ ಒಂದು ಸಂಜೆ, ಹಿಪ್ಪರಗಿ ರಸ್ತೆಯಲ್ಲಿ ದೀಪವಿಲ್ಲದೆ ನಿಂತಿದ್ದ ಟ್ರೇಲರಿಗೆ ಬೈಕು ಗುದ್ದಿಕೊಂಡ. ತಲೆಗೆ ಪೆಟ್ಟು. ಜಮಖಂಡಿಯ ಆಸ್ಪತ್ರೆಯಲ್ಲಿ ಬಾಯಿಗೆ ಪೈಪು ಇಳಿಸಿ ಮಿಷನ್ನಿನಿಂದ ಉಸಿರಾಡಿಸಿದರು. ಎಚ್ಚರ ಬಂದ ಮೇಲೂ ಕಫ ಕೆಮ್ಮಿ ತೆಗೆಯುವ ಶಕ್ತಿ ಬರಲಿಲ್ಲ. ಗಂಟಲಿಗೆ ತೂತು ಮಾಡಿ, ಸಣ್ಣ ನಳಿಗೆ ಕೂಡಿಸಿ ಮನೆಗೆ ಕಳಿಸಿದರು. ಮಾತು ಬರುವುದಿಲ್ಲ, ಆದರೆ ಎಲ್ಲ ತಿಳಿಯುತ್ತದೆ. ನಂಜಾಗದೆ ಉಳಿದರೆ ನಳಿಗೆ ತೆಗೆದುಬಿಡಬಹುದು, ಮೊದಲಿನಂತೆ ಮಾತಾಡುತ್ತಾನೆ ಎಂದು ಡಾಕ್ಟರು ಹೇಳಿದ್ದರು. ಮೂಗು ಸೋಸಿ ಬಿಡುವ ಗಾಳಿ ಈಗ ನೇರ ಎದೆಗೇ ಇಳಿಯುತ್ತದೆ, ಅದಕ್ಕೇ ಸಾಬೂನಿನಿಂದ ಕೈ ತೊಳೆಯದೆ ಯಾರೂ ಮುಟ್ಟಕೂಡದು, ಮಂದಿ ಸೇರಿಸಕೂಡದು ಎಂದೂ ಹೇಳಿದ್ದರು. ಕಫ ಎಳೆಯುವ ಮಿಷನ್ನು ನಡೆಸುವುದನ್ನು ನರ್ಸು ಕಲಿಸಿಕೊಟ್ಟಳು. ಕೆಂಪವ್ವ ಎಲ್ಲಕ್ಕೂ ಹೂಂಗುಟ್ಟಿ ಬಂದಳು.

ಹೂಂಗುಟ್ಟುವುದೇನು, ಸುಲಭ. ಗುರಪ್ಪ ಮನೆಗೆ ಬಂದ ಸುದ್ದಿ ಹಬ್ಬಿದ್ದೇ ತಡ, ಬಿಸ್ಕಿಟ್ಟು ಬಾಳೆಹಣ್ಣು ಹಿಡಿದು, ಟಂಟಂ ಆಟೋ ಮಾಡಿಕೊಂಡು ಜನ ಬರತೊಡಗಿದರು. ಬರದೇ ಇರುತ್ತಾರೆಯೇ? ಒಬ್ಬೊಬ್ಬರ ಹಾಸಿಗೆಯ ಬಳಿಯೂ ಕೆಂಪವ್ವ ಕೂತೆದ್ದವಳು. ಅವಳು ಚಿಲಕ ಹಾಕಿ, ಡಾಕ್ಟರು ಬೇಡವೆಂದಿದ್ದಾರೆ ಎಂದು ಕಿಟಕಿಯಿಂದಲೇ ಕೈಮುಗಿದಳು. ಕಟ್ಟೆಯ ಮೇಲೆ ಕೂತವರ ಮುಖ ಸಣ್ಣದಾಯಿತು. ನಮ್ಮ ಮನೆಗೆ ಬರುವಾಗ ಯಾವ ಡಾಕ್ಟರನ್ನು ಕೇಳಿ ಬಂದಿದ್ದಳಂತೆ ಎಂದು ಒಬ್ಬಳು ಗೊಣಗಿದ್ದು ಕಿವಿಗೆ ಬಿತ್ತು. ಆದರೂ ಬಾಗಿಲು ತೆಗೆಯಲಿಲ್ಲ.

ತೆಗೆಸಿದವನು ಗುರಪ್ಪನೇ. ಹೊರಗಿನ ದನಿ ಕೇಳಿದ್ದೇ ಅಂಗೈಯಿಂದ ಮಂಚ ಬಡಿಯತೊಡಗಿದ, ಬಾಗಿಲ ಕಡೆ ಬೆರಳು ತೋರಿಸಿದ. ಅವಳು ಬೇಡವೆಂದು ತಲೆಯಾಡಿಸಿದರೆ ಕಣ್ಣಲ್ಲಿ ನೀರು ತಂದುಕೊಂಡ. ಅಷ್ಟು ದಿನ ಆಸ್ಪತ್ರೆಯ ಛತ್ತು ನೋಡುತ್ತ ಬಿದ್ದಿದ್ದ ಮನುಷ್ಯ, ತನ್ನವರ ಮುಖ ಕಾಣಬೇಕೆಂದು ಹಂಬಲಿಸಿದರೆ ಯಾವ ಹೆಂಡತಿ ಒಲ್ಲೆನೆಂದಾಳು? ಚಿಲಕ ಸರಿಸಿದಳು.

ಹೊಸ್ತಿಲ ಬಳಿ ಸಾಬೂನು, ಬಕೆಟ್ಟು ಇಟ್ಟಳು. ಕೆಲವರು ತೊಳೆದರು, ಕೆಲವರು ಬೆರಳು ಅದ್ದಿದಂತೆ ಮಾಡಿ ಬಂದರು. ಪಕ್ಕದ ಮನೆಯ ಶಿವವ್ವ ಮಠದಿಂದ ಅಂಗಾರದ ಬೂದಿ ತಂದಿದ್ದಳು. ಹಣೆಗೆ ಹಚ್ಚಿದಳು, ಎದೆಗೆ ಹಚ್ಚಿದಳು, ನಳಿಗೆಯ ಸುತ್ತಲೂ ಬೆರಳಾಡಿಸಿ ಬಾಯಿಂದ ಊದಿದಳು. ನಳಿಗೆಯ ಬಾಯಲ್ಲಿ ಕಫ ಕಂಡದ್ದೇ ತನ್ನ ಸೆರಗಿನ ಚುಂಗಿನಿಂದ ಒರೆಸಿಬಿಟ್ಟಳು. ಒಡಹುಟ್ಟಿದವಳೂ ಹಾಗೆ ಒರೆಸಲಾರಳು, ಅಂಥ ಅಂತಃಕರಣ. ತಡೆಯಲೆಂದು ಕೆಂಪವ್ವ ಕೈ ಮುಂದೆ ಮಾಡಿ ಹಿಂದಕ್ಕೆಳೆದುಕೊಂಡಳು. ಶಿವವ್ವನ ಗಂಡ ಸಾಯುವಾಗ ಅವನ ಹಣೆಗೆ ಅದೇ ಮಠದ ಅಂಗಾರ ಹಚ್ಚಿದವಳು ತಾನೇ. ಈಗ ಅವಳ ಕೈ ಹಿಡಿದು ಆಚೆ ಸರಿಸುವುದು ಹೇಗೆ? ಗುರಪ್ಪ ನಗುತ್ತಿದ್ದ ಬೇರೆ.

ವಾರ ಕಳೆಯುವುದರೊಳಗೆ ಕಫ ಹಸಿರಾಗಿ ನಾರತೊಡಗಿತು. ಮೈ ಕೆಂಡದಂತೆ ಸುಡುತ್ತಿತ್ತು. ಮತ್ತೆ ಜಮಖಂಡಿ, ಮತ್ತೆ ಮಿಷನ್ನು. ಒಂದು ಔಷಧಿ ನಾಟಲಿಲ್ಲ, ಬದಲಿಸಿ ಕೊಟ್ಟದ್ದೂ ನಾಟಲಿಲ್ಲ.

ಈ ನಂಜು ಯಾರ ಕೈಯಿಂದ ಬಂತು ಎಂದು ಕೆಂಪವ್ವ ಡಾಕ್ಟರನ್ನು ಕೇಳಿದಳು. ತಿಳಿದುಕೊಂಡು ಏನು ಮಾಡುವವಳಿದ್ದಳೋ, ಅವಳಿಗೇ ಗೊತ್ತಿರಲಿಲ್ಲ.

"ಅದನ್ನ ಹೇಳಾಕ ಬರಂಗಿಲ್ರಿ ಅಮ್ಮಾರ," ಎಂದರು ಡಾಕ್ಟರು. "ಬಂದ ಮಂದಿಯಿಂದ ಬಂದಿರಬಹುದು, ನಮ್ಮ ಆಸ್ಪತ್ರಿಯಿಂದನ ಬಂದಿರಬಹುದು, ಮಿಷನ್ ಹಿಡದ ನಿಮ್ಮ ಕೈಯಿಂದನೂ ಬಂದಿರಬಹುದು. ನೀರಿನ ಟಾಕ್ಯಾಗ ಪಾಚಿ ಕಟ್ಟತೈತಲ್ರಿ, ಹಂಗ ಈ ನಂಜಿನ ಹುಳಾ ಪೈಪಿನ ಒಳಗ ಕಟ್ಟಿ ಕುಂದರ್ತಾವ್ರಿ. ಔಷಧಿ ಮ್ಯಾಲಿಂದ ಹರದು ಹೋಗಿಬಿಡತೈತಿ. ಪೈಪು ಬದಲಿ ಮಾಡೇವಿ, ಆದ್ರ ಈಗ ಎದಿಯೊಳಗ ಇಳದಾವು."

ಡಾಕ್ಟರು ಪಾಪ, ಯಾರ ಮೇಲೂ ತಪ್ಪು ಹೊರಿಸಬಾರದೆಂದೇ ಮೂರೂ ಹೇಳಿದ್ದರು. ಕೆಂಪವ್ವನ ಕಿವಿಯಲ್ಲಿ ಉಳಿದದ್ದು ಕಡೆಯದೊಂದೇ. ತಾನು ದಿನಾ ತೊಳೆದೇ ಮುಟ್ಟಿದ್ದಳಲ್ಲ? ಒಮ್ಮೆಯಾದರೂ, ಅವನು ಉಸಿರುಗಟ್ಟಿ ಒದ್ದಾಡುವಾಗ, ಗಡಿಬಿಡಿಯಲ್ಲಿ ಹಾಗೇ ಹಿಡಿದಿದ್ದಳೇ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಬೇಸಿನ್ನಿಗೆ ಹೋಗಿ ಕೈ ತೊಳೆದಳು, ಬಂದು ಕೂತಳು, ಮತ್ತೆ ಎದ್ದು ಹೋಗಿ ತೊಳೆದಳು. ಮೊಣಕೈವರೆಗೆ ಚರ್ಮ ಕೆಂಪಾಯಿತು.

ಮರುದಿನ ನರ್ಸು ಹೊರಬಂದು ಕರೆದಳು. ಗುರಪ್ಪನಿಗೆ ಎಚ್ಚರವಾಗಿದೆ, ಉಸಿರು ಸೋಲುತ್ತಿದೆ, ಒಳಗೆ ಬಂದು ಸ್ವಲ್ಪ ಕೈ ಹಿಡಿದುಕೊಳ್ಳಿ ಎಂದಳು. ಕೆಂಪವ್ವ ಬಾಗಿಲತನಕ ಹೋದಳು. ಅಲ್ಲೇ ನಿಂತಳು.

"ನಾ ಒಲ್ಲೇರಿ ತಂಗಿ. ನೀವ ಹಿಡೀರಿ ಅವರ ಕೈ."

ಕೈಗವಸು ಹಾಕಿಕೊಂಡರೆ ಏನೂ ಆಗುವುದಿಲ್ಲ, ಹೆದರಬೇಡಿ ಎಂದು ನರ್ಸು ಎಷ್ಟು ಹೇಳಿದರೂ ಅವಳು ಎರಡೂ ಅಂಗೈಗಳನ್ನು ಕಂಕುಳಲ್ಲಿ ಅವುಚಿಕೊಂಡು ನಿಂತೇ ಇದ್ದಳು. ಒಳಗೆ ಗುರಪ್ಪ ಕಷ್ಟಪಟ್ಟು ಕತ್ತು ಹೊರಳಿಸಿ ಹುಡುಕುತ್ತಿದ್ದ. ಕೆಂಪವ್ವ ಅವನ ಕಣ್ಣಿಗೆ ಬೀಳದಂತೆ ಬಾಗಿಲ ಗಾಜಿನಿಂದ ಸರಿದು ಗೋಡೆಗೆ ಒರಗಿದಳು.