ಚೆಲ್ಲದ ಕಾಫಿ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಂಬಿಯೇ ಬದುಕಿದವಳು ನಾನು. ಹಾಗಿರುವಾಗ ನಮ್ಮ ಮನೆಯವರಿಗೆ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಟ್ಟ ಬಿಳಿ ಮಾತ್ರೆಯನ್ನು ಹೇಗೆ ನಂಬಲಿ?

ಅವರಿಗೆ ಪಾರ್ಕಿನ್ಸನ್. ಬಲಗೈ ನಡುಗುತ್ತದೆ. ಮಿದುಳಿನ ಜೀವಕೋಶಗಳು ಸಾಯುವ ಅಪ್ಪಣೆಯನ್ನು ತಮಗೆ ತಾವೇ ಕೊಟ್ಟುಕೊಳ್ಳುತ್ತವಂತೆ. ಈ ಹೊಸ ಮಾತ್ರೆ ಆ ಅಪ್ಪಣೆಯನ್ನು ತಡೆಯುತ್ತದೋ ಇಲ್ಲವೋ ಎಂದು ಪರೀಕ್ಷೆ ನಡೆಯುತ್ತಿದೆಯಂತೆ. ಆದರೆ ಕೆಲವರಿಗೆ ಔಷಧ, ಕೆಲವರಿಗೆ ಬರೀ ಹಿಟ್ಟಿನ ಮಾತ್ರೆ.

"ಇವರಿಗೆ ಯಾವ್ದು ಸಾರ್?" ಎಂದು ಡಾಕ್ಟರನ್ನು ಕೇಳಿದೆ.

"ನನಗೂ ಗೊತ್ತಿಲ್ಲ ಮೇಡಂ. ಗೊತ್ತಿರಬಾರ್ದು, ಅದೇ ರೂಲ್ಸು."

ಕೊಡುವವರಿಗೇ ಗೊತ್ತಿಲ್ಲವೆಂದರೆ ಇದೆಂಥ ವೈದ್ಯವೋ! ಆಟೋ ತ್ಯಾಗರಾಜನಗರದ ನಮ್ಮ ಮನೆ ಮುಟ್ಟುವವರೆಗೂ ಗೊಣಗುತ್ತಲೇ ಇದ್ದೆ. ಇವರಿಗೆ ಮಾತ್ರ ಖುಷಿಯೋ ಖುಷಿ.

ಮದುವೆಯಾದಾಗಿನಿಂದ ಬೆಳಗಿನ ಮೊದಲ ಕಾಫಿ ನನಗೆ ಇವರೇ ತಂದುಕೊಡುವುದು. ನಡುಕ ಶುರುವಾದ ಮೇಲೆ ಅಡುಗೆಮನೆಯಿಂದ ಮಂಚದವರೆಗೆ ನೆಲದ ಮೇಲೆಲ್ಲ ಕಾಫಿ. ಒರೆಸುತ್ತಿದ್ದೆನೇ ಹೊರತು ಬೇಡ ಎನ್ನುತ್ತಿರಲಿಲ್ಲ. ಮಾತ್ರೆ ಶುರುಮಾಡಿ ಕೆಲವು ವಾರ ಕಳೆಯಿತು, ನೆಲದ ಮೇಲೆ ಒಂದು ಹನಿಯೂ ಇಲ್ಲ.

"ನೋಡಿದ್ಯಾ? ನನಗೆ ಸಿಕ್ಕಿರೋದು ಅಸಲಿ ಮಾತ್ರೆ ಕಣೇ," ಎಂದರು.

ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೂ ನನ್ನ ಹಾಳು ಬುದ್ಧಿ ಸುಮ್ಮನಿರಬೇಕಲ್ಲ. ಲೋಟ ಯಾಕೋ ಹಗುರ ಎನಿಸಿತು. ಒಂದು ಬೆಳಗ್ಗೆ ಬಾಗಿಲ ಸಂದಿಯಿಂದ ನೋಡಿದೆ. ಎಡಗೈಯಿಂದ ಬಲಗೈ ಮಣಿಕಟ್ಟು ಬಿಗಿಯಾಗಿ ಹಿಡಿದು, ಹೋಟೆಲಿನ ಬೈಟು ಅಳತೆಗೆ ಅರ್ಧ ಲೋಟ ಕಾಫಿ ಸುರಿದುಕೊಂಡರು. ಮೇಲೆ ಚಮಚದಿಂದ ಹಾಲಿನ ನೊರೆ ಹಾಕಿ ಲೋಟ ತುಂಬಿಸಿದರು. ನಾನು ಸದ್ದಿಲ್ಲದೆ ಬಂದು ಮಲಗಿದೆ.

ಮುಂದಿನ ಸಲ ಹೋದಾಗ ಡಾಕ್ಟರು ಹೇಗಿದೆ ಎಂದು ಕೇಳಿದ್ದೇ ತಡ, "ಕಾಫಿ ಒಂದು ತೊಟ್ಟೂ ಚೆಲ್ಲಲ್ಲ ಸಾರ್. ಬೇಕಾದ್ರೆ ಇವಳನ್ನೇ ಕೇಳಿ," ಎಂದರು ಇವರು.

ಡಾಕ್ಟರು ನನ್ನ ಕಡೆ ತಿರುಗಿದರು. ಹೌದು ಎಂದರೆ ಇವರ ಮುಖ ಅರಳುತ್ತಿತ್ತು. ಆದರೆ ನನ್ನ ಮಾತು ನಂಬಿ ನಾಳೆ ಇನ್ಯಾರದೋ ಗಂಡ ಈ ಮಾತ್ರೆ ನುಂಗಿದರೆ?

"ಅರ್ಧ ಲೋಟ ತರ್ತಾರೆ ಸಾರ್, ಅದಕ್ಕೇ ಚೆಲ್ಲಲ್ಲ," ಎಂದೆ.

ದಾರಿಯುದ್ದಕ್ಕೂ ಇವರು ಆಟೋದ ಆಚೆಗೆ ಮುಖ ತಿರುಗಿಸಿಕೊಂಡೇ ಕೂತಿದ್ದರು.

ಮರುದಿನ ಬೆಳಗ್ಗೆ ಅಂಚಿನವರೆಗೆ ತುಂಬಿದ ಲೋಟ ಹಿಡಿದು ಅಡುಗೆಮನೆಯಿಂದ ಹೊರಟರು. ಕೈ ಮೇಲೆ, ಪಂಚೆ ಮೇಲೆ, ನೆಲದ ಮೇಲೆ ಚೆಲ್ಲಿಕೊಂಡೇ ಬಂದರು.

"ಇವತ್ತು ಪೂರ್ತಿ ತಂದಿದೀನಿ. ಈಗ ಅನುಮಾನ ಹೋಯ್ತಾ?"

ಲೋಟ ಇಸಿದುಕೊಂಡು ನೋಡಿದೆ. ಉಳಿದಿದ್ದು ಅರ್ಧ.

"ನಾಳೆಯಿಂದ ಅರ್ಧನೇ ತನ್ನಿ," ಎಂದು ಅವರ ಕೈ ಒರೆಸಿದೆ. "ನನಗೆ ಅಷ್ಟು ಸಾಕು."