ಬೆರಳಿಗೊಂದು ಮೊಳದ ಮನೆ

ನಮ್ಮ ಹೊಳೆಗೆ ಆಗಿನ್ನೂ ಅಣೆಕಟ್ಟು ಬಂದಿರಲಿಲ್ಲ. ನಮ್ಮನ್ನಾಳುವವರು ಎಲ್ಲೋ ಮದ್ರಾಸಿನಲ್ಲಿದ್ದರು. ಆ ಕಾಲದ ಬುಕ್ಕಸಾಗರದಲ್ಲಿ ಒಂದು ಹೊಸ ಮನೆ ಏಳುತ್ತದೆಂದರೆ ಮನೆಯವರಿಗಿಂತ ಓಣಿಯವರಿಗೇ ಹುರುಪು ಜಾಸ್ತಿ. ಅಂಥ ಮನೆಯ ಮಕ್ಕಳಾಗಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನಗೆ ಒಂಬತ್ತು ವರ್ಷ. ಕಂಪ್ಲಿಯಿಂದ ಗೌಂಡಿ ಖಾಸೀಮ ಕಾಕಾ ಬಂದು ಖಾಲಿ ಜಾಗದಲ್ಲಿ ಬೂದಿಯ ಗೆರೆ ಎಳೆದಿದ್ದ. ಇದು ಪಡಸಾಲೆ, ಇದು ಎತ್ತು ಕಟ್ಟುವ ಅಂಕಣ, ಅದಕ್ಕೆ ಹತ್ತಿ ಅಡುಗೆಮನೆ. ಅವ್ವ ಗೆರೆಗಳ ನಡುವೆ ಅಡ್ಡಾಡಿ ನೋಡಿದಳು.

"ನನಗೇನೂ ತಿಳೀವಲ್ದವಾ" ಅಂತ ನನ್ನ ಕಿವಿಯಲ್ಲಿ ಅಂದಳು.

ಹಳೆಯ ಮನೆಯ ಕತ್ತಲೆ ಅಡುಗೆಮನೆಯಲ್ಲಿ ಹೊಗೆ ಕುಡಿದು ಕುಡಿದು ಅವಳ ಕಣ್ಣು ಯಾವಾಗಲೂ ಕೆಂಪು. ಹೊಸದರಲ್ಲಾದರೂ ಒಲೆಗೆ ಬೆಳಕು ಬಿದ್ದೀತೇ ಅನ್ನುವುದೊಂದೇ ಅವಳ ಚಿಂತೆ. ಆದರೆ ಮಾವನೆದುರು ಬಾಯಿ ಬಿಡುವ ಸೊಸೆ ಆಗ ಎಲ್ಲಿದ್ದಳು! ಅಪ್ಪನಿಗೂ ಅಜ್ಜನ ಮಾತೇ ಮಾತು.

ಅವತ್ತು ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ. ಪೂಜೆಯ ಎತ್ತು ಮಾಡಿ ಉಳಿದ ಹೊಳೆಮಣ್ಣು ಒದ್ದೆ ಬಟ್ಟೆಯಲ್ಲಿ ಇನ್ನೂ ಮೆತ್ತಗೆ ಇತ್ತು.

"ಕಾಕಾ, ಈ ಮಣ್ಣಾಗ ನಮ್ಮ ಮನಿ ಮಾಡಾನೇನು?"

"ಮಾಡಾನ ಬಾರವಾ! ಆದ್ರ ಅಳತಿ ತಪ್ಪಬಾರ್ದು ನೋಡು. ಮೊಳಕ್ಕ ಒಂದು ಬೆರಳು."

ಅಬ್ಬಾ, ನನ್ನ ಕಾಲು ನೆಲದ ಮೇಲೆ ನಿಲ್ಲಲೊಲ್ಲವು! ಒಂದು ಕೈಯಲ್ಲಿ ನಿನ್ನೆಯ ಹೋಳಿಗೆ, ಇನ್ನೊಂದು ಕೈಯಲ್ಲಿ ಮಣ್ಣು. ಹಳೆಯ ಬಾಗಿಲಿನ ಹಲಗೆಯ ಮೇಲೆ ಬೆರಳಿಟ್ಟು ಅಳೆದು ಅಳೆದು ಗೋಡೆ ಎಬ್ಬಿಸಿದೆವು. ಜೋಳದ ದಂಟು ಸೀಳಿ ತೊಲೆ ಮಾಡಿದೆವು. ಹಸಿಮಣ್ಣಿನ ವಾಸನೆಗೆ ನನಗೆ ಹೊಸ ಮನೆಯೊಳಗೇ ಹೊಕ್ಕ ಹಾಗಾಗಿತ್ತು. ಓಣಿಯ ಹುಡುಗಿಯರೆಲ್ಲ ಬಂದು ನಮ್ಮ ಬೆನ್ನಿಗೆ ಜೋತುಬಿದ್ದರು.

ತೊಲೆಗಳ ಮೇಲೆ ಮಣ್ಣಿನ ಮಾಳಿಗೆ ಹೊದಿಸುವ ಮೊದಲು ಅಜ್ಜ ಬಂದ. ನೋಡಿ ಖುಷಿಯಾಗಿ ದೇವರ ಜಗಲಿಯ ಮೇಲಿದ್ದ ಪೂಜೆಯ ಎತ್ತುಗಳನ್ನೇ ತಂದು ಅಂಕಣಕ್ಕೆ ಇಳಿಸಹೋದ. ಒಂದೊಂದೂ ಗೇಣುದ್ದ. ಕೊಂಬು ಈ ಗೋಡೆಗೆ ತಾಗಿತು, ಬಾಲ ಆ ಗೋಡೆಗೆ.

"ಲೇ ಖಾಸೀಮ, ಎತ್ತ ಹಿಡ್ಯಾದಿಲ್ಲಲ್ಲೋ! ಅಡಿಗಿಮನಿ ಗೋಡಿ ಅತ್ತಾಗ ಸರಸು."

"ಯಜಮಾನ್ರ, ಇವು ಪೂಜಿ ಎತ್ತ್ರಿ. ಈ ಅಳತಿಗೆ ಭಾಳ ದೊಡ್ಡವಾದ್ವು."

"ನಿನ್ನೆ ಕಾಯಿ ಒಡದೀನಿ ಇವಕ್ಕ. ಇವ ನಮ್ಮೆತ್ತು. ಬಸವಣ್ಣಗ ಜಾಗ ಇಲ್ಲಂದ್ರ ಅದೂ ಒಂದು ಮನ್ಯಾ?"

ಅಡುಗೆಮನೆ ಅರ್ಧಕ್ಕರ್ಧ ಹೋಯಿತು ಅಂತ ಅವ್ವನ ಮುಖ ಬಾಡಿತು. ನನಗೆ ಅಳುವೇ ಬಂತು. ಓಡಿ ಹೋಗಿ ಕೊಟ್ಟಿಗೆಯಲ್ಲಿ ನಮ್ಮ ದೊಡ್ಡೆತ್ತನ್ನು ಮೊಳ ಹಾಕಿ ಅಳೆದೆ. ಐದು ಮೊಳ. ಅದು ಬಾಲ ಬೀಸಿ ನನ್ನ ಕೆನ್ನೆಗೆ ಬಾರಿಸಿತು, ಆದರೂ ಬಿಡಲಿಲ್ಲ. ಬಂದವಳೇ ಐದೈದು ಬೆರಳಿನ ಎರಡು ಎತ್ತು ಮಾಡಿ, ಹಣೆಗೆ ವಿಭೂತಿ ಹಚ್ಚಿ ಅಂಕಣದಲ್ಲಿ ನಿಲ್ಲಿಸಿದೆ. ತಿರುಗಿ ಮಲಗಲಿಕ್ಕೂ ಜಾಗ ಉಳಿಯಿತು.

ಅಜ್ಜ ಬಗ್ಗಿ ಬಗ್ಗಿ ನೋಡಿದ. "ವಿಭೂತಿ ಹಚ್ಚೀಯಲ್ಲ, ಹಂಗಾರ ಸರಿ. ಗೋಡಿ ಅಲ್ಲೇ ಇರ್ಲಿ."

ಕಾಕಾ ಮಾಳಿಗೆ ಹೊದಿಸಿದ. ಅವ್ವ ಸೆರಗು ಹೊದ್ದುಕೊಂಡೇ ಕೂತು ಪುಟ್ಟ ಬಾಗಿಲಿಗೆ ಕಣ್ಣಿಟ್ಟಳು. ಒಳಗೆ ಕಗ್ಗತ್ತಲೆ. ಎದ್ದಳು. ಮಾವನೆದುರೇ ಅಡುಗೆಮನೆಯ ಮಾಳಿಗೆಗೆ ಹೆಬ್ಬೆರಳು ಒತ್ತಿ ತೂತು ಮಾಡಿದಳು. ಬಿಸಿಲು ನೆಟ್ಟಗೆ ಒಲೆಯ ಜಾಗಕ್ಕೇ ಬಿತ್ತು.

ಅಜ್ಜ ತೂತನ್ನೂ ಸೊಸೆಯನ್ನೂ ನೋಡಿದ.

"ಖಾಸೀಮ, ಬೆಳಕಿಂಡಿ ಅಲ್ಲೇ ಇಡು."

ಮನೆ ಹಾಗೇ ಎದ್ದಿತು. ಅವ್ವ ಬಿಸಿಲು ಬೀಳುವ ಆ ಒಲೆಯ ಮುಂದೆ ಇಪ್ಪತ್ತು ವರ್ಷ ರೊಟ್ಟಿ ಬಡಿದಳು.

ಈಗ ನಾನು ಹೊಸಪೇಟೆಯಲ್ಲಿ ಮಗ ಕಟ್ಟಿಸಿದ ಮನೆಯಲ್ಲಿದ್ದೇನೆ. ಇಂಜಿನಿಯರು ನೀಲಿ ಕಾಗದ ಹರಡಿ ವಿವರಿಸಿದಾಗ ಎಲ್ಲರೂ ತಲೆಯಾಡಿಸಿದರು, ತಿಳಿಯದಿದ್ದರೂ ನಾನೂ ಆಡಿಸಿದೆ. ಅಡುಗೆಮನೆಗೆ ನಡುಮಧ್ಯಾಹ್ನವೂ ದೀಪ ಹಾಕಬೇಕು. ಮಾತಾಡಬೇಡ ಅಂತ ನನಗೆ ಯಾರೂ ಅಂದಿರಲಿಲ್ಲ. ನಾನೇ ಸುಮ್ಮನಿದ್ದೆ.